ಕಾಡಿಗಿಯ ಹಣೆ

ನ. 2, ರವಿವಾರ

ರೊಟ್ಟಿ ಬಡಿದಿಟ್ಟು, ಒಂಬತ್ತರ ಬಸ್ಸಿಗೆ ರಂಗಂಪೇಟೆಯಿಂದ ಶಹಾಪುರಕ್ಕೆ. ಜೊತೆಗೆ ಇವರು. ವಾರವೆಲ್ಲ ಕಡೇಚೂರಿನ ಫ್ಯಾಕ್ಟರಿಯಲ್ಲೇ ಇರುತ್ತಾರೆ, ಮನೆಗೆ ಬರುವುದು ಶನಿವಾರ ಸಂಜೆ. ಉಳಿದ ದಿನ ನಾನು, ಅತ್ತೆ, ಗೋಡೆ ಗಡಿಯಾರ. ಮೂವರಲ್ಲಿ ಹೆಚ್ಚು ಮಾತಾಡುವುದು ಗಡಿಯಾರ. ಅದಕ್ಕೇ ಬೆಕ್ಕು ಬೇಕು ಎಂದು ಹಟ ಹಿಡಿದದ್ದು.

ಪ್ರಾಣಿಗಳ ಶೆಲ್ಟರ್ ನಡೆಸುವ ಪರಿಮಳಾ ಮೇಡಂ ಹತ್ತು ಬೆಕ್ಕು ತೋರಿಸಿದರು. ಕಪ್ಪನೆಯದೊಂದು ನೇರ ಬಂದು ನನ್ನ ಚಪ್ಪಲಿಯ ಮೇಲೆ ಕುಳಿತಿತು. ಮುಗಿಯಿತು. ಆರಿಸಿದ್ದು ನಾನಲ್ಲ, ಅದು.

"ಹದಿನೈದು ದಿನ ಟ್ರಯಲ್ ಇರ್ತದ್ರಿ. ಆಮ್ಯಾಲ ಫಾರ್ಮಿಗೆ ಮನಿ ಹಿರಿಯರ ಸಹಿ ಬೇಕು. ಅವರು ಒಲ್ಲೆ ಅಂದ್ರ ಬೆಕ್ಕು ವಾಪಸ್," ಎಂದರು ಮೇಡಂ.

ಹಿರಿಯರೆಂದರೆ ದೇವಕ್ಕ, ನನ್ನ ಅತ್ತೆ. ಮನೆಗೆ ತಂದಾಗ ಬುಟ್ಟಿಯಲ್ಲಿ ಇಣುಕಿದರು. "ಹತ್ತು ಬೆಕ್ಕಿನ್ಯಾಗ ಕರೀದೇ ಸಿಗ್ತೇನು ನಿಮಗ? ನನ್ನ ಪೂಜಾ ಖೋಲಿ ಹೊಸ್ತಿಲ ದಾಟಬಾರದು, ನೋಡು."

ನ. 4

ಹೆಸರು ಕಾಡಿಗಿ. ನನ್ನ ಹೊಲಿಗೆ ಮಷಿನ್ನಿನ ಪೆಡಲ್ ಮೇಲೆಯೇ ನಿದ್ದೆ. ಒಂದು ಬ್ಲೌಸಿನ ತೋಳು ಸೊಟ್ಟ ಬಂತು... ಬೈಯಲಾಗಲಿಲ್ಲ, ನಕ್ಕೆ.

"ಆ ಪಾಕೀಟಿನ್ಯಾಗ ಏನದ?" ಅತ್ತೆ ಕೇಳಿದರು.

"ಬೆಕ್ಕಿನ ಬಿಸ್ಕೀಟ್ ಅತ್ತಿ."

ಮೊಟ್ಟೆಯೂ ಬಾರದ ಮನೆ. ಪಾಕೀಟಿನ ಮೇಲೆ ಮೀನಿನ ಚಿತ್ರ. ಗೋಡೆಯ ಕಡೆ ತಿರುಗಿಸಿಟ್ಟೆ. ಶಿವ ಕ್ಷಮಿಸಲಿ.

ನ. 11

ಕಾಡಿಗಿ ಎದುರಾದರೆ ಅತ್ತೆ ಸೆರಗು ಎತ್ತಿಕೊಂಡು ನಡೆಯುತ್ತಾರೆ. ಸಹಿಯ ಲಕ್ಷಣವೇ ಇಲ್ಲ. ಬೆಳಿಗ್ಗೆ ಆರಕ್ಕೆ ನಳದ ನೀರಿಗೆ ಹೋಗುವಾಗ ಇಬ್ಬರನ್ನೇ ಬಿಟ್ಟು ಹೋಗಲು ಅಂಜಿಕೆ. ಇನ್ನು ಆರೇ ದಿನ. ಇದು ಹೋದರೆ ನಾನು ತಡೆಯಲಾರೆ.

ನ. 13, ಬೆಳಿಗ್ಗೆ 10

ಕಾಡಿಗಿಯ ಹಣೆಯಲ್ಲಿ ಬಿಳಿ ಮಚ್ಚೆ. ಕಿವಿಯ ತನಕ ಹರಡಿದೆ. ಮೇಡಂಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದೆ. ಕೂಡಲೇ ಫೋನ್.

"ಗಜಕರ್ಣ ಇದ್ದಂಗ ಕಾಣಾಕತ್ತದ್ರಿ. ಮುಟ್ಟಬ್ಯಾಡ್ರಿ, ಮಂದಿಗೂ ಹತ್ತತದ. ಮನ್ಯಾಗ ವಯಸ್ಸಾದವರು ಅದಾರ. ಇವತ್ತೇ ತರ್ರಿ, ಇಲ್ಲೇ ಇಟ್ಕೋತೀವಿ."

ಇಲ್ಲೇ ಇಟ್ಕೋತೀವಿ... ಗಳಗಳ ಅತ್ತುಬಿಟ್ಟೆ. ಬೆಕ್ಕಿಗೆ ರೋಗ ಬಂದಿದೆ, ಬಿಟ್ಟು ಬರುತ್ತೇನೆ ಎಂದು ಅತ್ತೆಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. "ಬುಟ್ಟಿ ನಾ ಹಿಡೀತೀನಿ, ನಡಿ" ಎಂದು ಚಪ್ಪಲಿ ಮೆಟ್ಟಿದರು.

ಅದೇ ದಿನ, ಸಂಜೆ

ಬಸ್ಸಿನಲ್ಲಿ ಬುಟ್ಟಿ ಅತ್ತೆಯ ತೊಡೆಯ ಮೇಲೆಯೇ.

ಮೇಡಂ ಗ್ಲೌಸ್ ಹಾಕಿಕೊಂಡು ಒದ್ದೆ ಹತ್ತಿಯಿಂದ ಹಣೆ ಒರೆಸಿದರು. ಮಚ್ಚೆಯೆಲ್ಲ ಹತ್ತಿಗೇ ಬಂತು. ಮೂಸಿ ನೋಡಿದರು.

"ಶಾಂಭವಿ, ಇದು ವಿಭೂತಿ ಅದ್ರಿ."

ನಾನು ಅತ್ತೆಯನ್ನು ನೋಡಿದೆ. ಅತ್ತೆ ಗೋಡೆ ನೋಡಿದರು.

"ನೀ ನೀರಿಗೆ ಹೋದ ಮ್ಯಾಲ ದಿನಾ ನನ್ನ ಪೂಜಾ ಹೊತ್ತಿಗೆ ಹೊಸ್ತಿಲ ಹೊರಗ ಬಂದು ಕುಂಡ್ರತದ. ಇವತ್ತ ಕೈಯಾಗ ವಿಭೂತಿ ಇತ್ತು, ಹಚ್ಚಿದೆ. ಕಾಲಿಲೆ ಮಾರಿ ತಿಕ್ಕೊಂಡು ಹರವಿಕೊಂಡದ. ಅದರಾಗ ತಪ್ಪೇನದ?"

"ಹೊಸ್ತಿಲ ದಾಟಬಾರದು ಅಂದಿದ್ರಲ್ಲ ಅತ್ತಿ?"

"ಅದು ದಾಟಿಲ್ಲ. ನಾನೇ ಎತ್ಕೊಂಡು ಒಳಗ ಒಯ್ದೀನಿ."

ಮೇಡಂ ನಗುತ್ತ ಕುರ್ಚಿಗೆ ಕುಸಿದರು. ಇನ್ನೂ ನಾಲ್ಕು ದಿನ ಬಾಕಿಯಿತ್ತು. ಅತ್ತೆ ತಾವೇ ಫಾರ್ಮ್ ಕೇಳಿ ಇಸಿದುಕೊಂಡು ಸಹಿ ಹಾಕಿದರು. ದಪ್ಪ ದಪ್ಪ ಅಕ್ಷರ, ಗೆರೆ ದಾಟಿ.

ವಾಪಸ್ ಬರುವಾಗ ರಂಗಂಪೇಟೆಯವರೆಗೂ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಅತ್ತೆಗೆ ಮೇಲಿನ ಒಂದು ಹಲ್ಲಿಲ್ಲ ಎಂದು ಇವತ್ತೇ ಗೊತ್ತಾಯಿತು.

ನ. 15, ಶನಿವಾರ, ಬೆಳಿಗ್ಗೆ 6:10

ಕದ್ದು ನೋಡುವ ಆಸೆ. ನೀರಿಗೆ ಹೊರಟಂತೆ ಮಾಡಿ, ಕೊಡ ಹೊರಗಿಟ್ಟು ಮೆಲ್ಲಗೆ ಒಳಗೆ ಬಂದೆ. ಅಡುಗೆಮನೆಯ ಮೂಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಪೂಜಾ ಖೋಲಿ ಇಲ್ಲಿಂದ ಕಾಣುತ್ತದೆ.

ಅತ್ತೆಯ ಅಂಗೈಯಲ್ಲಿ ಲಿಂಗ. ಎದುರಿಗೆ ಕಾಡಿಗಿ, ಮುಂಗಾಲು ಜೋಡಿಸಿ, ಕಣ್ಣು ಮುಚ್ಚಿ, ಹಣೆ ಒಡ್ಡಿ. ಮದುವೆಯಾಗಿ ನಾಲ್ಕು ವರ್ಷ. ಈ ಹೊತ್ತಿನಲ್ಲಿ ನನ್ನನ್ನು ಅಲ್ಲಿಗೆ ಯಾರೂ ಕರೆದಿಲ್ಲ, ನಾನೂ ಹೋಗಿಲ್ಲ. ಬೆಕ್ಕಿನ ಮೇಲೆ ಹೊಟ್ಟೆಕಿಚ್ಚಾಗುತ್ತಿದೆ, ಸುಳ್ಳೇಕೆ ಹೇಳಲಿ.

ಅತ್ತೆ ತಿರುಗದೆಯೇ ಮಾತಾಡುತ್ತಿದ್ದಾರೆ —

"ಕೊಡ ಇಟ್ಟ ಸಪ್ಪಳ ಕೇಳಿಸ್ಯಾದ. ಬರಿಯೋದು ಸಾಕು, ಬಾ ಇಲ್ಲಿ. ಕಾಡಿಗಿದು ಆತು, ಈಗ ನಿನ್ನ ಪಾಳಿ."

ಪೆನ್ನಿನ ಮುಚ್ಚಳ ಎಲ್ಲಿ... ಇರಲಿ, ಹೋಗುತ್ತೇ—