ದಾರಿಯಲ್ಲೇ ಅರಳಿದ ಮಲ್ಲಿಗೆ

ಚಾಮರಾಜಪೇಟೆ, ಏಪ್ರಿಲ್ ೨೦೦೩

ಚಿಕ್ಕಪ್ಪನವರಿಗೆ ಶಿವಕುಮಾರಿಯ ನಮಸ್ಕಾರ.

ನಮ್ಮ ಬೆಳೆಗಾರರ ಸಂಘದ ಎಸಿ ಲಾರಿ ಇವತ್ತು ಕೃಷ್ಣರಾಜ ಮಾರುಕಟ್ಟೆಗೆ ಬಂದಾಗ ಎದುರಿಗೇ ನಿಂತಿದ್ದೆ. ಬಾಗಿಲು ತೆರೆದರೆ ಕೈ ಮರಗಟ್ಟುವಷ್ಟು ಥಂಡಿ. ಆದರೆ ಊರಲ್ಲಿ ಮೊಗ್ಗಾಗಿ ತುಂಬಿದ ಮಲ್ಲಿಗೆ ಬುಟ್ಟಿತುಂಬ ಅರಳಿತ್ತು! ಹೂವಿನವರು ಮೂಸಿಯೂ ನೋಡಲಿಲ್ಲ.

“ದಾರಿಪೂರ್ತಿ ಮೆಷಿನ್ ಆನಲ್ಲೇ ಇತ್ತಕ್ಕಾ,” ಅಂದ ಡ್ರೈವರ್.

ಅಷ್ಟು ತಂಪಿನಲ್ಲಿ ಮೊಗ್ಗು ಅರಳುವುದುಂಟೇ? ಡೀಸೆಲ್ ಉಳಿಸಿಕೊಳ್ಳಲು ದಾರಿಯಲ್ಲಿ ಮೆಷಿನ್ ಆರಿಸಿ, ಬೆಂಗಳೂರು ಹತ್ತಿರವಾದ ಮೇಲೆ ಹಾಕಿದ್ದಾನೆಂದೇ ನನ್ನ ಅನುಮಾನ.

ಕೂಗಾಡಿ ಗಂಟಲು ಕಟ್ಟಿದೆ, ಜ್ವರವೇನಿಲ್ಲ.

ನಮ್ಮ ಪೋಸ್ಟ್‌ಮ್ಯಾನ್ ಬಸಣ್ಣ ಈ ಕಾರ್ಡನ್ನು ಓದದೆ ನಿಮ್ಮ ಕೈಗೆ ಕೊಡುವವನಲ್ಲ. ಚೆನ್ನಾಗಿ ಓದಲಿ. ಡ್ರೈವರ್ ಅವನ ಭಾವಮೈದುನನೇ ತಾನೇ?

ಅವಸರದಲ್ಲಿ,
ಶಿವಕುಮಾರಿ