ಅಜ್ಜನ ಅರವತ್ತು ಸೆಕೆಂಡು

ಮಾರ್ಚ್ 4, ಬೆಳಿಗ್ಗೆ 9.40
ಮತ್ತೆ ಲಿಫ್ಟ್ ಕೆಟ್ಟಿದೆ. ಏದುಸಿರು ಬಿಡುತ್ತಲೇ ಆಫೀಸಿನ ಹೊಸಬಳಿಗೆ ಡ್ರಿಪ್ ಪಂಪಿನ ಕೋಡ್ ವಿವರಿಸಿದೆ. ಎಲ್ಲದರ ಮೇಲೆ ‘ಸಾಧನ’ ಎಂಬ ಕ್ಲಾಸು, ಅಂದರೆ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಕೋಡಿನ ತುಣುಕು. ಬಾಸ್ ಬರೆದದ್ದು, ಆ ಕ್ಲಾಸನ್ನು ನಾವು ಅಜ್ಜ ಅನ್ನುತ್ತೇವೆ. ಅದರಿಂದ ಹುಟ್ಟಿದ್ದು ದೊಡ್ಡವರ ಪಂಪು. ಅದರಿಂದ ಮಕ್ಕಳ ಪಂಪು — ನನ್ನದು. ಅಜ್ಜನಲ್ಲಿರುವುದೆಲ್ಲ ಕೆಳಗಿನವಕ್ಕೆ ತಾನಾಗಿ ಬರುತ್ತದೆ, ನಾವು ಬೇರೆ ಬರೆದುಕೊಳ್ಳದಿದ್ದರೆ. “ಅಜ್ಜನ ತಂಟೆಗೆ ಮಾತ್ರ ಹೋಗ್ಬೇಡಮ್ಮ” ಅಂದೆ. ನಕ್ಕಳು.

ಮಾರ್ಚ್ 11, ಮಧ್ಯಾಹ್ನ
ಮೈಯೆಲ್ಲ ಉರಿಯುತ್ತಿದೆ. ಮಕ್ಕಳ ವಾರ್ಡಿನ ಸಿಸ್ಟರ್ ಫೋನ್. “ಏನ್ರೀ ನಿಮ್ಮ ಪಂಪು? ನಳಿಕೆ ಮಡಚ್ಕೊಂಡು ಔಷಧಿ ನಿಂತು ಒಂದು ನಿಮಿಷ ಆದ್ಮೇಲೆ ಕೂಗ್ತು! ಮಗು ಬಿಪಿ ಇಳಿದೇ ಹೋಗಿತ್ತು. ಪುಣ್ಯಕ್ಕೆ ನಾನು ಪಕ್ಕದಲ್ಲೇ ಇದ್ದೆ.”
ಕೋಡ್ ತೆಗೆದು ನೋಡಿದೆ. ಅಲಾರಂ ಕಾಯುವ ಹೊತ್ತು ಹತ್ತು ಸೆಕೆಂಡಿತ್ತು. ಅರವತ್ತಾಗಿದೆ. ಅಜ್ಜನಲ್ಲೇ! ಬದಲಿಸಿದವರು ಬಾಸ್. ರೋಗಿಯ ತೂಕ ನೋಡುವ ಮಂಚ ಸುಮ್ಮಸುಮ್ಮನೆ ಕೂಗುತ್ತದೆಂದು ಯಾರೋ ದೂರಿದರಂತೆ. ಅದೂ ಅಜ್ಜನಿಂದಲೇ ಹುಟ್ಟಿದ ಕ್ಲಾಸು. ಅರವತ್ತನ್ನು ಮಂಚದ ಕ್ಲಾಸಿನಲ್ಲಷ್ಟೇ ಬರೆಯಬಹುದಿತ್ತು. ಸೋಮಾರಿ ಮನುಷ್ಯ.

ಮಾರ್ಚ್ 12
ಬಾಸ್: “ಮಕ್ಕಳ ಪಂಪು ನಿಮ್ದು ತಾನೇ? ಹತ್ತು ಅಂತ ನೀವೇ ಅಲ್ಲಿ ಬರ್ಕೋಬೇಕಿತ್ತು. ತಪ್ಪು ನಿಮ್ಮ ಕ್ಲಾಸಿಂದು ಅಂತ ವರದಿ ಮಾಡಿ ಸಹಿ ಹಾಕಿ.”
“ಸರ್, ನನ್ನದು ಮಾತ್ರ ಸರಿ ಮಾಡಿದ್ರೆ ದೊಡ್ಡವರ ಪಂಪು ಅರವತ್ತರಲ್ಲೇ ಇರತ್ತೆ.”
“ದೊಡ್ಡವರು ಒಂದು ನಿಮಿಷ ತಡ್ಕೋತಾರೆ ಬಿಡಿ.”
ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಹಲ್ಲು ಕಚ್ಚಿಕೊಂಡು ಆಚೆ ಬಂದೆ.

ಮಾರ್ಚ್ 13
ಅಕ್ಕ: “ಕೆಲಸ ಹೋದ್ರೆ ಏನ್ಮಾಡ್ತೀಯೇ? ಅವರು ಹೇಳ್ದಂಗೆ ಬರ್ಕೊಟ್ಟು ಸುಮ್ನಿರು.”
ಮಕ್ಕಳ ಪಂಪಿಗೆ ಮಾತ್ರ ಹತ್ತು ಬರೆದು, ವರದಿಗೆ ಸಹಿ ಹಾಕಿದೆ. ಥೂ.

ಏಪ್ರಿಲ್ 2, ಬೆಳಿಗ್ಗೆ 10.15
ಅದೇ ಸಿಸ್ಟರ್. ಈಗ ದೊಡ್ಡವರ ವಾರ್ಡಿನಲ್ಲಿದ್ದಾರಂತೆ. ಈ ಸಲ ಬೈಯಲಿಲ್ಲ.
“ಈ ಪಂಪನ್ನೂ ಸರಿ ಮಾಡಿದ್ರಿ ಅಲ್ವಾ?”
“ಯಾಕೆ ಸಿಸ್ಟರ್?”
“ನಾಲ್ಕನೇ ಬೆಡ್ಡಿನವರು ಹೋಗ್ಬಿಟ್ರು. ಅಲಾರಂ ತಡವಾಗಿ ಬಂತು.”
ಈಗಲೇ ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಬಾಸ್ ಮೇಲೆ ಹರಿಹಾಯಲು ಎದ್ದೆ. ವರದಿಯ ಪ್ರತಿ ಕೈಗೆತ್ತಿಕೊಂಡೆ. ಕೊನೆಯ ಸಾಲು: ಉಳಿದ ಪಂಪುಗಳಲ್ಲಿ ದೋಷವಿಲ್ಲ. ಕೆಳಗೆ ನನ್ನ ಸಹಿ. ಬಾಸ್ ಹೆಸರು ಎಲ್ಲೂ ಇಲ್ಲ. ಮತ್ತೆ ಕೂತೆ. ಅವರ ಮೇಲಿನ ಸಿಟ್ಟೆಲ್ಲ ನನ್ನ ಮೇಲೇ ತಿರುಗಿದೆ. ಗೊತ್ತಿದ್ದೂ ಬರೆದುಕೊಟ್ಟೆನಲ್ಲ!
ಫೋನ್ ಮತ್ತೆ ಬಡಿದುಕೊಳ್ಳುತ್ತಿದೆ. ಸಿಸ್ಟರೇ. ಆ ವಾರ್ಡಿನಲ್ಲಿ ಇನ್ನೂ ಹನ್ನೊಂದು ಪಂಪು ಓಡುತ್ತಿವೆ. ಎತ್ತಿ ಹೇಳುತ್ತೇನೆ, ಸುಳ್ಳು ಬರೆದದ್ದು ನಾ—