ನಿನ್ನ ಫೈಲಿನಲ್ಲಿರುವ ನನ್ನ ಸುಳ್ಳು

ತಮ್ಮಾ ಪ್ರಲ್ಹಾದ,

ಸಿಡ್ನಿಯ ಪೆಂಡಲ್ ಹಿಲ್‌ನ ಆ ಕ್ಲಿನಿಕ್‌ನ ಮೆಟ್ಟಿಲು ಹತ್ತುವಾಗ ನೀನು ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ, ನೆನಪಿದೆಯೇ? ಇಪ್ಪತ್ತೇಳರ ಹುಡುಗ, ಆಸ್ಟ್ರೇಲಿಯಾದ ಸೈನ್ಯದಲ್ಲಿ ಟ್ರಕ್ ಓಡಿಸುವವನು, ನಾಲ್ಕು ಮೆಟ್ಟಿಲಿಗೆ ಎರಡು ಸಲ ನಿಂತೆ. ಕಾರಿನಲ್ಲಿ ನನಗೆ ನಿಜ ಹೇಳಿದ್ದೆ. ತರಬೇತಿಯಲ್ಲಿ ಟ್ರಕ್ಕಿನ ಸ್ಪೇರ್ ಚಕ್ರ ಇಳಿಸುವಾಗ ಅದರ ಭಾರವೆಲ್ಲ ನಿನ್ನ ಬೆನ್ನು, ಸೊಂಟದ ಮೇಲೆ ಬಂದಿತ್ತು. "ಆದ್ರ ಡಾಕ್ಟರ್ ಮುಂದ ಹಂಗ ಹೇಳಬ್ಯಾಡವಾ ಅಕ್ಕಾ. ಮನ್ಯಾಗ ನಿಚ್ಚಣಿಕಿ ಮ್ಯಾಲಿಂದ ಬಿದ್ದಾನ ಅಂತ ಹೇಳು. ಇಲ್ಲಂದ್ರ ಸೈನ್ಯಕ್ಕ ರಿಪೋರ್ಟ್ ಹೋಗಿ ನನ್ನ ಹೆಸರು ಲಿಸ್ಟಿನಿಂದ ತಗೀತಾರ." ಮುಂದಿನ ತಿಂಗಳು ನಿಮ್ಮ ತುಕಡಿ ಯುದ್ಧದ ನೆಲಕ್ಕೆ ಹೊರಡುವುದಿತ್ತು. ಡಾಕ್ಟರ್ ಕೇಳಿದಾಗ ನೀನು ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಉತ್ತರ ಕೊಟ್ಟವಳು ನಾನು. ಛಾವಣಿಯ ಅಂಚಿನ ಗಟರ್ ಸ್ವಚ್ಛ ಮಾಡಲು ಹತ್ತಿದ್ದ, ಒದ್ದೆ ಎಲೆಗಳಿದ್ದವು, ಕಾಲು ಜಾರಿತು. ಎಲೆಗಳ ಮಾತನ್ನು ನೀನು ಹೇಳಿಕೊಟ್ಟಿರಲಿಲ್ಲ. ಅದು ನಾನೇ ಸೇರಿಸಿದ್ದು. ಡಾಕ್ಟರ್ ಎಲ್ಲವನ್ನೂ ಟೈಪ್ ಮಾಡಿಕೊಂಡಳು. ಹೊರಗೆ ಬಂದು "ಭಾರೀ ಹೇಳಿದಿ ಬಿಡವಾ" ಎಂದು ನೀನು ನಕ್ಕಾಗ ನನಗೆ ಹೆಮ್ಮೆಯಾಗಿತ್ತು. ಹೆಮ್ಮೆ!

ಸೈನ್ಯದ ಪರಿಹಾರಕ್ಕೆ ನೀನು ಹಾಕಿದ ಅರ್ಜಿಗೆ ಮೊದಲ ನಿರಾಕರಣೆಯ ಪತ್ರ ಬಂದ ದಿನ ನಾನು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನ ನಿಮ್ಮ ಅಪಾರ್ಟ್‌ಮೆಂಟಿನಲ್ಲಿದ್ದೆ. ನೀನು ಸೈನ್ಯ ಬಿಟ್ಟು ಐದು ವರ್ಷವಾಗಿತ್ತು. ಬೆನ್ನು ನೋವಿಗೆ ದಿನಾ ನುಂಗಿದ ಮಾತ್ರೆಗಳು ಅಷ್ಟರಲ್ಲಿ ನಿನ್ನ ಕಿಡ್ನಿಗಳನ್ನು ತಿಂದು ಹಾಕಿದ್ದವು. ನಿನ್ನ ಹೆಂಡತಿ ಶುಭಾ ಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದಳು. ಬೆನ್ನಿನ ಗಾಯಕ್ಕೂ ಸೇವೆಗೂ ಸಂಬಂಧವಿಲ್ಲ. ಮನೆಯಲ್ಲಿ ಬಿದ್ದದ್ದೆಂದು ಅರ್ಜಿದಾರರ ಸ್ವಂತ ಅಕ್ಕನೇ ವೈದ್ಯರಿಗೆ ತಿಳಿಸಿದ್ದಾರೆ. ಅವಳು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದಳು. "ನೀವ್ಯಾಕಕ್ಕಾ ಹಂಗೆ ಹೇಳಿದ್ರಿ? ಒಂದ್ ಸೆಕೆಂಡ್ ಥಿಂಕ್ ಮಾಡ್ಬಾರ್ದಿತ್ತಾ?" ನೀನು ಸೋಫಾದಿಂದಲೇ "ಅಕ್ಕಗ ಏನೂ ಅನಬ್ಯಾಡ. ಹೇಳಿಸಿದಾಂವ ನಾ" ಎಂದೆ. ನೀನು ಒಂದು ಸಲವಾದರೂ ಬೈದಿದ್ದರೆ... ಮರುಪರಿಶೀಲನಾ ಮಂಡಳಿಯೂ ಅದೇ ಸಾಲನ್ನು ಎತ್ತಿ ಹೇಳಿ ಬಾಗಿಲು ಹಾಕಿತು. ಉಳಿದದ್ದು ನ್ಯಾಯಮಂಡಳಿಯ ಮೇಲ್ಮನವಿ ಒಂದೇ.

ಡಯಾಲಿಸಿಸ್ ಕುರ್ಚಿಯಲ್ಲಿ ಕುಳಿತು ನೀನು ಒಂದೇ ಒಂದು ಮಾತು ಕೇಳಿದೆ. "ಅಕ್ಕಾ, ನಮ್ಮಪ್ಪ ಸುಳ್ಳ ಕ್ಲೇಮ್ ಹಾಕಿದ್ದಾ ಅಂತ ನನ್ನ ಕೂಸು ಇಶಾಗ ಅನಸಬಾರದು." ನಾನು ಆಗಲಿ ಎಂದೆ. ಏನನ್ನು ನೆಚ್ಚಿಕೊಂಡು ಹಾಗೆಂದೆನೋ! ವಿಚಾರಣೆಗೆ ಇನ್ನೂ ಮೂರು ವಾರವಿದ್ದಾಗ ನೀನು ಹೋಗಿಬಿಟ್ಟೆ. ಮೂವತ್ತೊಂಬತ್ತು ಒಂದು ವಯಸ್ಸೇ ಪ್ರಲ್ಹಾದ?

ಕ್ರಿಯಾಕರ್ಮ ಮುಗಿದ ಮೇಲೆ ಕೆವಿನ್ ಮನೆಗೆ ಬಂದಿದ್ದರು. ನಿನ್ನ ಕೇಸನ್ನು ಪುಕ್ಕಟೆಯಾಗಿ ನಡೆಸುತ್ತಿದ್ದ ಆ ಮುದಿ ಸೈನಿಕ ಕ್ಯಾಪ್ ಕೈಯಲ್ಲಿ ಹಿಡಿದು, ನಿನ್ನ ಜಾಗದಲ್ಲಿ ಶುಭಾ ಕೇಸು ಮುಂದುವರಿಸಬಹುದು, ಆದರೆ ಕಣ್ಣಾರೆ ಕಂಡವರೊಬ್ಬರು ಬೇಕು ಎಂದರು. ಚಕ್ರ ಇಳಿಸುವಾಗ ನಿನ್ನ ಜೊತೆಗಿದ್ದವನು ಡ್ಯಾರೆನ್. ಸಿಡ್ನಿಯ ಅಂಚಿನಲ್ಲಿದ್ದ ಅವನ ಮನೆಗೆ ನಾನು ಹೋದೆ. ನೀನು ಸತ್ತೆ ಎಂದು ಕೇಳಿ ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಚಕ್ರದ ಮಾತು ಎತ್ತಿದ ಕೂಡಲೇ "ಸಾರಿ, ನನಗೇನೂ ನೆನಪಿಲ್ಲ" ಎಂದು ಒಳಗೆ ಹೋದ. ಇನ್ನೆರಡು ಸಲ ಹೋದೆ. ಬಾಗಿಲೇ ತೆಗೆಯಲಿಲ್ಲ.

ಮೆಲ್ಬರ್ನ್‌ನ ಆ ವಿಚಾರಣಾ ಕೊಠಡಿಯಲ್ಲಿ ಪ್ರಮಾಣ ಮಾಡಿ, ಅಂದು ನಾನು ಹೇಳಿದ್ದು ಸುಳ್ಳು ಎಂದೆ. ಎದುರು ಪಕ್ಷದ ವಕೀಲೆ ಒರಟಾಗಿರಲಿಲ್ಲ. ಮೆಲ್ಲಗೆ ಕೇಳಿದಳು: "ತಮ್ಮನಿಗೆ ಬೇಕೆಂದು ಅಂದು ಸುಳ್ಳು ಹೇಳಿದಿರಿ. ಇಂದೂ ತಮ್ಮನಿಗೆ ಬೇಕೆಂದೇ ಬಂದಿದ್ದೀರಿ. ಯಾವುದನ್ನು ನಂಬೋಣ?" ಇಂಗ್ಲಿಷ್ ಬಾಯಿಗೆ ಬರಲಿಲ್ಲ. "ಅವತ್ತ ನನ್ನ ತಮ್ಮ ಬದಕಿದ್ದಾ" ಎಂದುಬಿಟ್ಟೆ, ನಮ್ಮ ಹುಬ್ಬಳ್ಳಿ ಕನ್ನಡದಲ್ಲಿ. ಅಲ್ಲಿ ಶುಭಾ ಒಬ್ಬಳಿಗೇ ಅದು ಅರ್ಥವಾಯಿತು. ಅವಳು ತಲೆ ತಗ್ಗಿಸಿದಳು. ಇಂಗ್ಲಿಷಿನಲ್ಲಿ ಹೇಳಿ ಎಂದರು. ಹೇಳಿದೆ. ಹೇಳಿದಾಗ ಅದರಲ್ಲಿ ಏನೂ ಉಳಿದಿರಲಿಲ್ಲ.

ತೀರ್ಪು ಬಂದ ಬೆಳಿಗ್ಗೆ ನಾನು ಆಫೀಸಿನಲ್ಲಿದ್ದೆ. ಹದಿನೆಂಟು ಪುಟ. ಅದರಲ್ಲಿ ನನ್ನ ಬಗ್ಗೆ ಒಂದು ಪ್ಯಾರಾ. ಸಾಕ್ಷಿಗೆ ತಮ್ಮನ ಮೇಲಿದ್ದ ಪ್ರೀತಿಯನ್ನು ಅನುಮಾನಿಸುವುದಿಲ್ಲ. ಆದರೆ ಅದೇ ಪ್ರೀತಿಯ ಕಾರಣಕ್ಕೆ ಆಕೆಯ ಮಾತನ್ನು ಆಧಾರವಾಗಿ ಹಿಡಿಯಲಾಗದು. ಮೇಲ್ಮನವಿ ವಜಾ. ನಿನ್ನ ಬೆನ್ನು ಸೈನ್ಯದ್ದಲ್ಲ, ಹಾಗಾಗಿ ನಿನ್ನ ಸಾವೂ ಸೈನ್ಯದ್ದಲ್ಲ. ಫೋನ್ ಮಾಡಿದರೆ ಶುಭಾ ಎತ್ತಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ಒಂದು ಸಲ ಇಶಾ ಎತ್ತಿ "ಮಮ್ಮಿ ಈಸ್ ಟೈರ್ಡ್, ಅತ್ತೆ" ಎಂದಳು. ಎಂಟು ವರ್ಷದ ಕೂಸು. ಅವಳಿಗೆ ನಾನು ಏನು ಹೇಳಲಿ? ನಿನ್ನಪ್ಪನನ್ನು ಸುಳ್ಳುಗಾರನನ್ನಾಗಿ ಮಾಡಿದವಳು ನಾನೇ ಎಂದೇ?

ಬೇರೇನೂ ತೋಚದೆ ತೀರ್ಪಿನ ಪ್ರತಿಯನ್ನು ಡ್ಯಾರೆನ್‌ನ ಅಂಚೆ ಡಬ್ಬಿಗೆ ಹಾಕಿ ಬಂದೆ. ಚೀಟಿಯನ್ನೂ ಬರೆದಿಡಲಿಲ್ಲ. ನಾಲ್ಕನೆಯ ದಿನ, ನಾನು ಹ್ಯಾರಿಸ್ ಪಾರ್ಕ್‌ನ ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ, ಅವನ ಫೋನ್ ಬಂತು. ಅಂದು ಚಕ್ರವನ್ನು ಹಿಡಿದಿದ್ದ ಸರಪಳಿ ಕೈಬಿಟ್ಟವನು ತಾನೇ ಎಂದ. ಹಿಂದಿನ ರಾತ್ರಿ ಕುಡಿದಿದ್ದನಂತೆ. ಆಗಲೇ ಕೊನೆಯ ಎಚ್ಚರಿಕೆ ಕೊಟ್ಟಿದ್ದರು. ಇನ್ನೊಂದು ತಪ್ಪಾದರೆ ಸೈನ್ಯದಿಂದ ಹೊರಗೆ. "ಅವನೇ ಬಾಯಿ ಮುಚ್ಚಿಕೊಂಡಿರು ಅಂದ. ನಾನು ನೋಡ್ಕೋತೀನಿ ಅಂದ." ಅಂದರೆ ನೀನು ಇವನನ್ನೂ ಉಳಿಸಲು... ನನಗೂ ಹೇಳಲಿಲ್ಲವಲ್ಲೋ! ಬೇಳೆಯ ಚೀಲಗಳ ನಡುವೆ ನಿಂತು ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತೇ? ಎಲ್ಲರನ್ನೂ ನೋಡಿಕೊಂಡೆ. ಶುಭಾಳನ್ನು, ಕೂಸನ್ನು ಯಾರಿಗೆ ಬಿಟ್ಟಿದ್ದೆ?

ಇದು ನಿನಗೆ ಗೊತ್ತಿಲ್ಲದ ಸುದ್ದಿ. ಡ್ಯಾರೆನ್ ಬರೆದುಕೊಟ್ಟು ಸಹಿ ಹಾಕಿದ್ದಾನೆ. ಅದರ ಮೇಲೆ ಶುಭಾ ಹೆಸರಿನಲ್ಲಿ ಕೆವಿನ್ ಹೊಸ ಅರ್ಜಿ ಹಾಕಿದ್ದಾರೆ. ಕಾಗದ ಸಾಲದು, ಅವನೇ ಎದುರು ಬಂದು ಹೇಳಲಿ ಎಂದು ಅಧಿಕಾರಿಗಳು ಹೇಳಿದ್ದಾರೆ. ಗೆಲ್ಲುತ್ತೇವೋ ಇಲ್ಲವೋ, ಕೆವಿನ್ ಮಾತು ಕೊಡುವುದಿಲ್ಲ. ಡ್ಯಾರೆನ್ ವಿಮಾನ ಹತ್ತುವುದಿಲ್ಲವಂತೆ. ಬುಧವಾರ ಬೆಳಿಗ್ಗೆ ನಾನೇ ಕಾರಿನಲ್ಲಿ ಮೆಲ್ಬರ್ನ್‌ಗೆ ಕರೆದೊಯ್ಯಬೇಕು. ಒಂಬತ್ತು ತಾಸಿನ ದಾರಿ. ಬಾಗಿಲು ತೆಗೆಯದಿದ್ದರೆ? ನಡುದಾರಿಯಲ್ಲಿ ಇಳಿದುಬಿಟ್ಟರೆ? ನಿನ್ನೆ ಶುಭಾಳಿಂದ, ತೀರ್ಪು ಬಂದ ಮೇಲೆ ಮೊದಲ ಸಲ, ಮೆಸೇಜ್ ಬಂತು: "ಅಕ್ಕಾ, ರೂಮ್ ಬುಕ್ ಮಾಡ್ಬೇಡಿ. ಮನೆಗೇ ಬನ್ನಿ. ಅವರನ್ನೂ ಕರ್ಕೊಂಡ್ ಬನ್ನಿ, ಊಟಕ್ಕೆ ಕಾಯ್ತೀವಿ."

ಕರೆದುಕೊಂಡು ಹೋಗುತ್ತೇನೆ ಪ್ರಲ್ಹಾದ. ಕಾಲಿಗೆ ಬಿದ್ದಾದರೂ ಕರೆದುಕೊಂಡು ಹೋಗುತ್ತೇನೆ.

ನಿನ್ನ ಅಕ್ಕ